ಇನ್ನೊಂದು ಗೇಣು

"ಕುಳ್ಳಿ ಗಾರ್ಡ್ ಇಟ್ಕೊಂಡು ಕಪ್ ಗೆದ್ದಿರೋ ಟೀಮ್ ಒಂದೇ ಒಂದು ತೋರ್ಸು, ಮೀಸೆ ಬೋಳಿಸ್ಕೋತೀನಿ" ಎಂದು ಮ್ಯಾನೇಜರ್ ಹಲ್ಲಿನ ಸಂದಿಯಿಂದ ಕಡ್ಡಿ ಹೊರಗೆಳೆದ. ಅದರ ತುದಿಗೆ ಏನು ಸಿಕ್ಕಿದೆಯೆಂದು ಕಣ್ಣ ಹತ್ತಿರ ಹಿಡಿದು ನೋಡಿದ. ಆಮೇಲೆ ಅದನ್ನು ಮತ್ತೆ ಬಾಯಿಗೇ ಇಟ್ಟುಕೊಂಡ.

ಅಕ್ಕನಿಗೆ ಹೊಟ್ಟೆ ತೊಳಸಿತು. ಲಾಂಡ್ರಿಯ ಕೊಳೆಬಟ್ಟೆ ಕೋಣೆಯಲ್ಲಿ ದುಡಿಯುವವಳಿಗೆ ಹೊಟ್ಟೆ ತೊಳಸುವುದೆಂದರೆ ಸಣ್ಣ ಮಾತಲ್ಲ. ಆಸ್ಪತ್ರೆಗಳ ಹಾಸು, ಹೋಟೆಲುಗಳ ದಿಂಬಿನ ಚೀಲ, ಯಾರ ಯಾರದೋ ಬೆವರು, ವಾಂತಿ, ರಕ್ತ ಎಲ್ಲ ಮೂಟೆ ಕಟ್ಟಿಕೊಂಡು ಮೊದಲು ಇಲ್ಲಿಗೇ ಬರುತ್ತಿದ್ದವು. ಅವನ್ನು ಬಿಚ್ಚಿ, ಬಿಸಿನೀರಿಗೆ ಯಾವುದು, ತಣ್ಣೀರಿಗೆ ಯಾವುದು ಎಂದು ಬೇರೆ ಮಾಡುವುದು ಅವಳ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿ ತನ್ನ ಮೂಗು ಸತ್ತುಹೋಗಿದೆ ಎಂದುಕೊಂಡಿದ್ದಳು. ಆ ಕಡ್ಡಿ ನೋಡಿ ಸತ್ತ ಮೂಗೂ ಎದ್ದು ಕೂತಿತು.

ಮ್ಯಾನೇಜರ್ ಎಂದರೆ ಲಾಂಡ್ರಿಯ ಮ್ಯಾನೇಜರ್ ಅಲ್ಲ, ಲಾಂಡ್ರಿಯ ಹೆಂಗಸರ ಬಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್. ಧಣಿಯ ಹೆಂಡತಿಯ ತಮ್ಮ. ಬೇರೆ ಯಾವ ಕೆಲಸಕ್ಕೆ ಹಚ್ಚಿದರೂ ಅದನ್ನು ಕುಲಗೆಡಿಸುತ್ತಾನೆಂದು ಭಾವ ಇದಕ್ಕೆ ಹಚ್ಚಿದ್ದರು. ಚೆಂಡನ್ನು ಜನ್ಮದಲ್ಲಿ ಒಂದು ಸಲವೂ ನೆಲಕ್ಕೆ ಪುಟಿಸಿದವನಲ್ಲ. ಟೀವಿ ಮುಂದೆ ಕೂತು ಪಂದ್ಯ ನೋಡಿ ನೋಡಿ ಪಂಡಿತನಾದವನು.

"ನಿನ್ನ ತಂಗಿ ಆಡಲ್ಲ ಅಂತ ನಾನೆಲ್ಲಿ ಹೇಳ್ದೆ? ಫೈನಲ್ ತನಕ ತರ್ತಾಳೆ. ಆಮೇಲೆ? ಹೋದ ವರ್ಷ ಏನಾಯ್ತು? ಅದರ ಹಿಂದಿನ ವರ್ಷ? ಎದುರಿಗಿರೋಳು ಕೈ ಎತ್ತಿದ್ಲು, ಹಾಕಿದ್ಲು, ಕಪ್ ಎತ್ಕೊಂಡು ಹೋದ್ಲು. ನಮ್ಮ ಗುಂಡುಪಿನ್ನು ಕೆಳಗಡೆ ಹಿಂಗೆ ಕುಣೀತಾ ಇತ್ತು."

ಅವನು ಮಂಡಿ ಮಡಿಸಿ ಕುಳ್ಳಗಾಗಿ, ಎರಡೂ ಕೈ ಎತ್ತಿ ಕುಪ್ಪಳಿಸಿ ತೋರಿಸಿದ. ಅಂಗಿಯ ಗುಂಡಿಗಳ ಸಂದಿಯಲ್ಲಿ ಹೊಟ್ಟೆ ಕುಲುಕಿತು. ಒದ್ದೆ ಮೂಟೆಯೊಂದನ್ನು ಎತ್ತಿ ಆ ಮುಖಕ್ಕೆ ಒಗೆಯಬೇಕೆನ್ನಿಸಿತು ಅಕ್ಕನಿಗೆ. ಒಗೆಯಲಿಲ್ಲ. ಯಾಕೆಂದರೆ ಹೋದ ವರ್ಷ ಆ ಕೊನೆಯ ಚೆಂಡು ತಂಗಿಯ ಚಾಚಿದ ಬೆರಳುಗಳ ಮೇಲಿಂದ ಹಾದು ಬುಟ್ಟಿಗೆ ಬಿದ್ದಾಗ, ಇವಳೂ ಅಂಗಳದ ನಡುವೆ ನಿಂತು ಅದನ್ನೇ ಅಂದುಕೊಂಡಿದ್ದಳು. ಇನ್ನೊಂದು ಗೇಣು ಇದ್ದಿದ್ದರೆ. ಒಂದೇ ಒಂದು ಗೇಣು. ಆ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಈಗ ಈ ಮನುಷ್ಯ ಅದನ್ನು ತನ್ನ ಎಂಜಲು ಬಾಯಿಂದ ತೆಗೆದು ಅವಳ ಮುಂದಿಟ್ಟಿದ್ದ.

ಅಕ್ಕ ತಂಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೆಂದರೆ ನಂಬುವವರು ಕಡಿಮೆ. ಅಕ್ಕನನ್ನು ಲಾಂಡ್ರಿಯಲ್ಲಿ ಎಲ್ಲರೂ ಏಣಿ ಎನ್ನುತ್ತಿದ್ದರು. ತಂಗಿ ಗುಂಡುಪಿನ್ನು. ಹುಡುಗಿಯಾಗಿದ್ದಾಗ ಅಕ್ಕ ತನ್ನ ಉದ್ದಕ್ಕೆ ನಾಚಿ ಬೆನ್ನು ಬಗ್ಗಿಸಿಯೇ ನಡೆಯುತ್ತಿದ್ದಳು. ಅವಳ ಕೈ ಹಿಡಿದು ಅಂಗಳಕ್ಕೆ ಎಳೆದು ತಂದದ್ದು ತಂಗಿಯೇ. "ಇಷ್ಟುದ್ದ ಬೆಳೆದಿರೋದು ಮನೇಲಿ ಬಲ್ಬು ಹಾಕೋಕಲ್ಲ, ಬಾರೇ" ಎಂದಿದ್ದಳು. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು, ಚೆಂಡು ಬಂದರೆ ಹೆದರದೆ ಹೇಗೆ ಹಿಡಿಯಬೇಕು, ಎಲ್ಲ ಕಲಿಸಿದವಳು ಅವಳು. ಏಣಿ ಬೆನ್ನು ನೆಟ್ಟಗೆ ಮಾಡಿ ನಡೆಯತೊಡಗಿದ್ದು ಆಮೇಲೆ.

ತಂಡದಲ್ಲಿ ಗಾರ್ಡ್ ಎಂದರೆ ಚೆಂಡನ್ನು ಹಿಂದಿನಿಂದ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳು. ತಂಗಿಗೆ ಎತ್ತರದ ಕೈಗಳ ಮೇಲಿಂದ ಎಸೆಯಲು ಆಗುತ್ತಿರಲಿಲ್ಲ. ಆದ್ದರಿಂದ ಅವಳು ಎಲ್ಲ ಪಾಸುಗಳನ್ನೂ ಕೆಳಗಿಂದಲೇ ಕೊಡುತ್ತಿದ್ದಳು. ನೆಲಕ್ಕೆ ಬಡಿದು, ಎದುರಾಳಿಯ ಮೊಣಕಾಲಿನ ಪಕ್ಕದಿಂದ ನುಸುಳಿಸಿ. ಅವಳ ಜೊತೆ ಆಡಿ ಆಡಿ ಲಾಂಡ್ರಿ ತಂಡದವರೆಲ್ಲ ಕೈಗಳನ್ನು ಮಂಡಿಯ ಹತ್ತಿರ ಇಳಿಬಿಟ್ಟುಕೊಂಡು ಓಡುವುದನ್ನು ಕಲಿತಿದ್ದರು. "ಏನಮ್ಮಾ, ಓಲೆ ಬಿದ್ದುಹೋಯ್ತಾ?" ಎಂದು ಬೇರೆ ತಂಡದವರು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿ ಸೋಲುತ್ತಿದ್ದರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಮೇಷ್ಟ್ರು, ಅಂದರೆ ತಂಡದ ಕೋಚು, ಪ್ರತಿ ಪಂದ್ಯಕ್ಕೂ ಹೇಳುತ್ತಿದ್ದರು. ಫೈನಲ್ಲುಗಳನ್ನು ಬಿಟ್ಟು.

"ಹೊಸ ಹುಡುಗಿ ನೋಡಿದೀಯಲ್ಲ" ಎಂದ ಮ್ಯಾನೇಜರ್. "ನಿನ್ನಷ್ಟೇ ಉದ್ದ. ಕಾಲೇಜಲ್ಲಿ ಗಾರ್ಡ್ ಆಡಿದೋಳು. ಅವಳನ್ನ ಇಳಿಸೋಣ. ನೀನು ಕ್ಯಾಪ್ಟನ್, ನೀನು ಹೂಂ ಅಂದ್ರೆ ಮೇಷ್ಟ್ರು ತೆಪ್ಪಗಿರ್ತಾರೆ. ಯಾರಿಗೂ ಗೊತ್ತಾಗಲ್ಲ, ನಮ್ಮಿಬ್ಬರಲ್ಲೇ ಇರ್ಲಿ. ನಿನಗೂ ಕಪ್ ಬೇಡ್ವಾ? ಇನ್ನೆಷ್ಟು ವರ್ಷ ಆಡ್ತೀಯ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೇ ಈ ಕೋಣೆಯವರೆಗೆ ಬಂದಿದ್ದ. ಅಕ್ಕ ಕೈಯಲ್ಲಿದ್ದ ಹಾಸನ್ನು ನೋಡಿದಳು. ಕಪ್ ಬೇಕಿತ್ತು. ಬೇಡ ಎಂದು ಯಾವ ಬಾಯಿಂದ ಹೇಳುವುದು? ಎರಡು ವರ್ಷ ಗೆದ್ದವರ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿ ತಟ್ಟಿ ಅಂಗೈ ಉರಿದಿತ್ತು. ಅವಳು ಆಗಲಿ ಎಂಬಂತೆ ತಲೆ ಅಲ್ಲಾಡಿಸಿದಳು, ಬಾಯಿಬಿಟ್ಟು ಹೂಂ ಅನ್ನಲಿಲ್ಲ. ಅಷ್ಟು ಸಾಕಾಯಿತು ಅವನಿಗೆ. ಕಡ್ಡಿಯನ್ನು ಅವಳು ಬೇರೆ ಮಾಡಿಟ್ಟಿದ್ದ ಬಟ್ಟೆಯ ಮೇಲೆ ಬಿಸಾಕಿ ಹೋದ.

ಸಂಜೆ ಅಭ್ಯಾಸದಲ್ಲಿ ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಫೈನಲ್ಲು ಅಂದರೆ ಎಲ್ಲರೂ ತ್ಯಾಗ ಮಾಡಬೇಕು, ಎತ್ತರವೂ ಒಂದು ಗುಣ, ಗುಣಕ್ಕೆ ಮತ್ಸರ ಸಲ್ಲದು. ಕೊನೆಗೆ ಹೊಸ ಹುಡುಗಿ ಗಾರ್ಡ್ ಆಡುತ್ತಾಳೆ ಎಂದು ತಮ್ಮ ಬೂಟಿಗೆ ಹೇಳಿದರು.

"ಇದು ಯಾರ ತೀರ್ಮಾನ, ಮೇಷ್ಟ್ರೇ?" ಎಂದಳು ತಂಗಿ.

"ಮೇಲಿನವರದ್ದಮ್ಮ."

ತಂಗಿ ಅಕ್ಕನ ಕಡೆ ತಿರುಗಿದಳು. ಕಣ್ಣಲ್ಲಿ ಸಂಶಯದ ಎಳೆಯೂ ಇರಲಿಲ್ಲ. "ಅಕ್ಕ, ನೀನಾದ್ರೂ ಒಂದು ಮಾತು ಹೇಳೇ. ಕ್ಯಾಪ್ಟನ್ ಅಲ್ವಾ ನೀನು."

"ಹೇಳ್ದೆ" ಎಂದಳು ಅಕ್ಕ. "ಕೇಳ್ಲಿಲ್ಲ ಕಣೇ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು. ತಂಗಿ ಬೂಟಿನ ದಾರ ಬಿಚ್ಚುತ್ತ, "ಹೋಗ್ಲಿ ಬಿಡು. ನನಗೋಸ್ಕರ ಅವರ ಹತ್ರ ಜಗಳ ಮಾಡ್ಕೋಬೇಡ. ಆ ಮೀಸೆಯವನು ನಾಳೆ ನಿನ್ನ ಕೆಲಸಕ್ಕೇ ಕಲ್ಲು ಹಾಕ್ತಾನೆ" ಎಂದು ಸಮಾಧಾನ ಹೇಳಿದಳು. ಮನೆಗೆ ಹೋದ ಮೇಲೆ ಅಕ್ಕನ ಊದಿದ ಮಂಡಿಗೆ ತಾನೇ ಮುಲಾಮು ತಿಕ್ಕಿದಳು. ಬೇಡವೆಂದರೂ ಕೇಳಲಿಲ್ಲ. ಮುಲಾಮಿನ ಘಾಟು, ಅದರಡಿಯಲ್ಲಿ ತನ್ನ ಕಾಲಿನ ಬೆವರಿನ ವಾಸನೆ; ಆ ಪುಟ್ಟ ಕೈಗಳು ಅದನ್ನೆಲ್ಲ ಲೆಕ್ಕಿಸದೆ ಓಡಾಡುತ್ತಿದ್ದವು. ಲಾಂಡ್ರಿಗೆ ಬರುವ ಯಾವ ಮೂಟೆಯೂ ತನ್ನಷ್ಟು ಹೊಲಸಾಗಿರಲಿಲ್ಲ ಎಂದು ಅಕ್ಕನಿಗೆ ಅನ್ನಿಸಿತು. ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಇವಳು ಕೈ ತೆಗೆದುಬಿಡುತ್ತಾಳೆ ಎಂದು ಸುಮ್ಮನಾದಳು.

ಫೈನಲ್ಲಿನಲ್ಲಿ ಎದುರಿಗೆ ಬಂದದ್ದು ಹೋದ ವರ್ಷದ ಬಿಸ್ಕತ್ತು ಫ್ಯಾಕ್ಟರಿಯ ತಂಡವೇ. ಹೊಸ ಹುಡುಗಿ ಕೆಟ್ಟವಳಲ್ಲ, ಆಟವೂ ಕೆಟ್ಟದಲ್ಲ. ಎಲ್ಲರ ತಲೆಯ ಮೇಲಿಂದ ಪಾಸು ಕೊಡುತ್ತಿದ್ದಳು, ಪುಸ್ತಕದಲ್ಲಿ ಬರೆದ ಹಾಗೆ. ಆದರೆ ಅದನ್ನು ಹಿಡಿಯಬೇಕಾದ ಕೈಗಳೆಲ್ಲ ಮಂಡಿಯ ಹತ್ತಿರ ಕಾಯುತ್ತಿದ್ದವು. ಒಂದು ಚೆಂಡು ಅಕ್ಕನ ಮೂಗಿಗೇ ಬಡಿಯಿತು. ಇನ್ನೊಂದು, ಅವಳು ನೆಲ ನೋಡುತ್ತಿದ್ದಾಗ, ನೆತ್ತಿಯ ಮೇಲಿಂದ ಹೋಗಿ ನೋಡುವವರ ನಡುವೆ ಬಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಣಿಗೆ ಏಣಿ ಕೊಡ್ರೋ!" ಎಂದು ಯಾರೋ ಕೂಗಿದರು. ಮೂಗಿನಿಂದ ಬಾಯಿಗೆ ಇಳಿದ ರಕ್ತವನ್ನು ಅಕ್ಕ ನುಂಗಿದಳು. ಅರ್ಧ ಆಟ ಮುಗಿಯುವಷ್ಟರಲ್ಲಿ ಲಾಂಡ್ರಿ ತಂಡ ಇನ್ನು ಮೇಲೇಳದೇನೋ ಎನ್ನುವಷ್ಟು ಕೆಳಗೆ ಬಿದ್ದಿತ್ತು.

ವಿರಾಮದಲ್ಲಿ ಮ್ಯಾನೇಜರ್ ಎಲ್ಲರ ಮೇಲೂ ಉಗುಳು ಹಾರಿಸುತ್ತ ಕಿರುಚಿದ. ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ತಂಗಿಯನ್ನು ಇಳಿಸುವ ಮಾತನ್ನು ಇಬ್ಬರೂ ಎತ್ತಲಿಲ್ಲ. ತಂಗಿ ಒದ್ದೆ ಟವೆಲ್ಲಿನಿಂದ ಅಕ್ಕನ ಮೂಗು ಒರೆಸಿ, ಅಲ್ಲಿಂದ ನೇರ ಹೋಗಿ ಹೊಸ ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಆ ಹುಡುಗಿ ಬಿಕ್ಕುತ್ತಿದ್ದಳು.

"ಅಳಬೇಡ. ತಪ್ಪು ನಿಂದಲ್ಲ. ಇವರ ಕೈ ಎಲ್ಲಿರುತ್ತೆ ನೋಡು, ಅಲ್ಲಿಗೆ ಹಾಕು. ಮೇಲೆ ಬೇಡ, ನೆಲಕ್ಕೆ ಹೊಡಿ. ಏಣಿ ಎಡಗಾಲು ಹಿಂದಿಟ್ರೆ ತಿರುಗ್ತಾಳೆ ಅಂತ ಅರ್ಥ. ಆಗ ನೋಡ್ತಾ ಕೂರಬೇಡ, ಕೊಟ್ಬಿಡು. ಉಳಿದಿದ್ದು ನಾನು ಬೆಂಚಿಂದ ಕೂಗ್ತೀನಿ."

ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಎಡಕ್ಕೆ, ಹಿಂದಕ್ಕೆ, ತಡಿ, ಈಗ ಕೊಡು! ಹೊಸ ಹುಡುಗಿ ಒಂದು ಕಿವಿಯನ್ನು ಬೆಂಚಿನ ಕಡೆ ಇಟ್ಟುಕೊಂಡೇ ಆಡಿದಳು. ಚೆಂಡು ನೆಲಕ್ಕೆ ಬಡಿದು ಏಳತೊಡಗಿತು, ಕೈಗಳಿಗೆ ಸಿಗತೊಡಗಿತು. ಅಕ್ಕ ಯೋಚಿಸುವುದನ್ನೇ ಬಿಟ್ಟಳು; ಆ ದನಿ ಕೇಳಿದ ಕಡೆಗೆ ಅವಳ ಕಾಲು ತಾನಾಗಿ ಹೋಗುತ್ತಿತ್ತು. ಹಿಂದೆ ಬಿದ್ದವರು ಸಮಕ್ಕೆ ಬಂದರು, ಕೊನೆಯ ಗಳಿಗೆಯಲ್ಲಿ ಒಂದು ಅಂಕ ಮುಂದೆ ಹೋದರು.

ಆಮೇಲೆ ಬಿಸ್ಕತ್ತು ತಂಡದ ಅದೇ ಗಾರ್ಡ್ ಅದೇ ಜಾಗದಲ್ಲಿ ನಿಂತು ಹೋದ ವರ್ಷದ ಹಾಗೆಯೇ ಚೆಂಡೆತ್ತಿದಳು. ಅಟ್ಟದಿಂದ ಡಬ್ಬಿ ಇಳಿಸುವಷ್ಟು ಆರಾಮವಾಗಿ. ಹೊಸ ಹುಡುಗಿ ಜಿಗಿದು ಬೆರಳ ತುದಿ ತಾಗಿಸಿದಳು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು, ಆಟ ಮುಗಿದ ಸೀಟಿ ಕೂಗಿತು.

ಅಂಗಳದಲ್ಲಿ ತಂಗಿ ಇದ್ದಿದ್ದರೆ ಬೆರಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಬೆಂಚಿನ ಮೇಲೆ ತಂಗಿ ಇಲ್ಲದೆ ಹೋಗಿದ್ದರೆ ಆಟ ಅಲ್ಲಿಯವರೆಗೆ ಬರುತ್ತಲೂ ಇರಲಿಲ್ಲ. ಅಕ್ಕನಿಗೆ ಎರಡೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಗಾಳಿಯಾಡುತ್ತಿರಲಿಲ್ಲ. ಒದ್ದೆ ಕಾಲುಚೀಲಗಳ ನಾತ. ಮ್ಯಾನೇಜರ್ ಕಪ್ಪಿಗೆ ಕಿತ್ತಳೆ ಬಣ್ಣದ ಸೋಡಾ ಸುರಿದು, ಎಲ್ಲರಿಗಿಂತ ಮೊದಲು ತಾನೇ ಬಾಯಿ ಹಾಕಿ ಗಟಗಟ ಕುಡಿದ. ಮೀಸೆಯಿಂದ ತೊಟ್ಟಿಕ್ಕಿದ್ದು ಮತ್ತೆ ಕಪ್ಪಿಗೇ ಬಿತ್ತು. "ಒಬ್ಬೊಬ್ಬರೂ ಒಂದೊಂದು ಗುಟುಕು! ಬಿಡಂಗಿಲ್ಲ!" ಎಂದು ದಾಟಿಸಿದ. ಕಪ್ ಬಾಯಿಂದ ಬಾಯಿಗೆ ಹೋಯಿತು. ತುಟಿಬಣ್ಣ ಹತ್ತಿತು, ಬೆವರು ಹತ್ತಿತು, ಯಾರೋ ನಗುವಾಗ ಉಗುಳೂ ಬಿತ್ತು. ತಂಗಿ ಮೂಲೆಯಲ್ಲಿ ಒದ್ದೆ ಟವೆಲ್ಲುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹೊಸ ಹುಡುಗಿ ಅವಳ ಹತ್ತಿರ ಹೋಗಿ, "ಅಕ್ಕ, ಈ ಕಪ್ ನಿಮ್ದು" ಎಂದಳು. ತಂಗಿ ನಕ್ಕು ಅವಳ ಕೆನ್ನೆ ತಟ್ಟಿದಳು.

"ಏನೇ ಹೇಳಿ, ಈ ಕಪ್ ಬಂದಿದ್ದು ಕ್ಯಾಪ್ಟನ್‌ನಿಂದ" ಎಂದು ಮ್ಯಾನೇಜರ್ ದನಿ ಎತ್ತಿದ. ಖುಷಿಯಲ್ಲಿ ಅವನಿಗೆ ಯಾವ ಮಾತು ಯಾರ ಮುಂದೆ ಆಡಬೇಕೆಂಬುದೂ ಮರೆತಿತ್ತು. "ಎಲ್ರೂ ಕಲೀಬೇಕು ಇವಳನ್ನ ನೋಡಿ! ಒಡಹುಟ್ಟಿದ ತಂಗಿ ಅಂತ ನೋಡ್ಲಿಲ್ಲ. ಗುಂಡುಪಿನ್ನನ್ನ ಕೂರಿಸೋಣ್ವಾ ಅಂತ ಕೇಳ್ದೆ. ಎರಡನೇ ಮಾತಿಲ್ಲ, ತಲೆ ಅಲ್ಲಾಡ್ಸಿದ್ಲು! ಅದು ಕ್ಯಾಪ್ಟನ್ ಅಂದ್ರೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿಯ ಕೈ ಟವೆಲ್ಲಿನ ಮೇಲೆಯೇ ನಿಂತಿತು. ಅವಳು ಅಕ್ಕನನ್ನು ನೋಡಿದಳು. ಸಿಟ್ಟಿನಿಂದಲ್ಲ, ಗುರುತು ಹಿಡಿಯಲು ನೋಡುವವಳ ಹಾಗೆ. ಅಕ್ಕ ಬಾಯಿ ತೆರೆದಳು. ಹೋದ ವರ್ಷದ ಚೆಂಡು, ಚಪ್ಪಾಳೆ ತಟ್ಟಿ ಉರಿದ ಅಂಗೈ, ಮುಲಾಮು ತಿಕ್ಕಿದಾಗ ಹೇಳದೆ ಉಳಿದದ್ದು ಎಲ್ಲವನ್ನೂ ಒಟ್ಟಿಗೆ ಹೇಳಹೊರಟಳು. ಅಷ್ಟರಲ್ಲಿ ಯಾರೋ ಕಪ್ಪನ್ನು ಅವಳ ಕೈಗೆ ತುರುಕಿದರು.

ಬೆಚ್ಚಗಾಗಿದ್ದ ಸೋಡಾ ತಳದಲ್ಲಿ ನೊರೆ ನೊರೆಯಾಗಿತ್ತು. ನೊರೆಯಲ್ಲೊಂದು ಕೂದಲು ತೇಲುತ್ತಿತ್ತು. ಅಕ್ಕನ ಕೈ ತಾನಾಗಿಯೇ ಕಪ್ಪನ್ನು ಮುಖದಿಂದ ದೂರ ಹಿಡಿಯಿತು.

ತಂಗಿ ಎದ್ದು ಬಂದಳು. ಭುಜದ ಮೇಲಿದ್ದ ಟವೆಲ್ಲಿನಿಂದ ಕಪ್ಪಿನ ಅಂಚನ್ನು ಸುತ್ತಲೂ ನಿಧಾನವಾಗಿ ಒರೆಸಿದಳು. ತಿರುಗಿಸಿ, ಬಿಟ್ಟುಹೋದ ಕಡೆ ಇನ್ನೊಮ್ಮೆ ಒರೆಸಿದಳು.

"ಕುಡೀರಿ, ಕ್ಯಾಪ್ಟನ್" ಎಂದಳು. "ಎಲ್ಲಾರೂ ಕಾಯ್ತಾ ಇದಾರೆ."

ಅಕ್ಕ ಕಪ್ಪನ್ನು ಬಾಯಿಗಿಟ್ಟು ಕುಡಿದಳು. ಮೂಗಿನ ಗಾಯ ಒಡೆದು ರಕ್ತ ಸೋಡಾಕ್ಕೆ ಸೇರಿದರೂ ನಿಲ್ಲಿಸಲಿಲ್ಲ. ಕುಡಿ, ಕುಡಿ ಎಂದು ಎಲ್ಲರೂ ಬೆಂಚು ಬಡಿಯುತ್ತಿದ್ದರು. ಕಪ್ ಇಳಿಸಿದಾಗ ಬಾಗಿಲು ತೆರೆದಿತ್ತು. ಉದ್ದನೆಯ ಓಣಿಯ ಆ ತುದಿಯಲ್ಲಿ ತಂಗಿ ತನ್ನಷ್ಟೇ ಎತ್ತರದ ಚೀಲವನ್ನು ಎರಡೂ ಕೈಯಿಂದ ಎಳೆದುಕೊಂಡು ಹೋಗುತ್ತಿದ್ದಳು, ನೆಲದ ಮೇಲೆ ಒದ್ದೆಯ ಪಟ್ಟಿ ಬಿಡುತ್ತ.