ಸರಕಿಗೆ ತಲೆದಿಂಬು

"ಸರಕಿಗೆ ತಲೆದಿಂಬು ಯಾಕಮ್ಮಾ?" ಎಂದು ಸುಂಕದ ಪರೀಕ್ಷಕ ಕೇಳಿದ. ಅರ್ಧ ಒಡೆದ ಮರದ ಪೆಟ್ಟಿಗೆಯೊಳಗೆ ಬಗ್ಗಿ, ಗಾಡಿಯ ಉಕ್ಕಿನ ತಟ್ಟೆಯ ತುದಿಗಿದ್ದ ಕಪ್ಪು ರಬ್ಬರಿನ ದಿಂಡನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. ದಿಂಡಿನ ನಡುವೆ ಒಂದು ತಗ್ಗು. ಮಲಗಿದವರ ತಲೆ ಅತ್ತಿತ್ತ ಹೊರಳದಿರಲು ಎಷ್ಟು ಬೇಕೋ ಅಷ್ಟೇ ತಗ್ಗು.

ಏಜೆಂಟಮ್ಮ ಪೆಟ್ಟಿಗೆಯೊಳಗೆ ಬಗ್ಗಿದಳು. ಆ ತಗ್ಗನ್ನು ಅವಳೂ ಆಗಲೇ ಮೊದಲ ಸಲ ನೋಡುತ್ತಿದ್ದಳು. ತಟ್ಟೆಗೆ ಅಡ್ಡಲಾಗಿ ಮೂರು ಪಟ್ಟಿಗಳಿದ್ದವು: ಎದೆಗೊಂದು, ತೊಡೆಗೊಂದು, ಕಾಲಿಗೊಂದು. ಕೆಳಗಡೆ ನೀರು ಹರಿದುಹೋಗಲು ತೂತು. ಇಂಥ ಆರು ಬ್ಯಾಟರಿ ಗಾಡಿಗಳು ಒಂದು ದೊಡ್ಡ ಆಸ್ಪತ್ರೆಯ ಹೆಸರಿಗೆ ಹಡಗಿನಲ್ಲಿ ಬಂದು, ನಾಲ್ಕು ದಿನದಿಂದ ಸುಂಕದ ಶೆಡ್ಡಿನಲ್ಲಿ ಕೂತಿದ್ದವು.

ಹೊರದೇಶದಿಂದ ಬಂದ ಮಾಲು ಯಾವುದು, ಸುಂಕದ ಪುಸ್ತಕದಲ್ಲಿ ಅದರ ಜಾಗ ಎಲ್ಲಿ ಎಂದು ಆಮದುದಾರರ ಪರವಾಗಿ ಘೋಷಣೆ ಬರೆದುಕೊಡುವುದು ಅವಳ ಕಸುಬು. ಆ ಕಸುಬಿನಲ್ಲಿ ಯಾರೂ ಪೆಟ್ಟಿಗೆ ಒಡೆದು ನೋಡುವುದಿಲ್ಲ. ತಯಾರಕರು ಕಳಿಸಿದ ಕರಪತ್ರ ನೋಡಿ ಬರೆಯುತ್ತಾರೆ. ಕರಪತ್ರದಲ್ಲಿ 'ಚಪ್ಪಟೆ ತಟ್ಟೆ, ಸೀಟಿಲ್ಲ, ಹೊರೆ ಇನ್ನೂರೈವತ್ತು ಕಿಲೋ' ಎಂದಿತ್ತು. ಹೊರೆ ಎಂದ ಮೇಲೆ ಇನ್ನೇನು? 'ಆವರಣದೊಳಗೆ ಸರಕು ಸಾಗಿಸುವ ಗಾಡಿ, ಆರು' ಎಂದು ಬರೆದು, ಮೊಹರು ಒತ್ತಿ ಕಳಿಸಿದ್ದಳು. ಶೆಡ್ಡಿನ ಸುತ್ತಮುತ್ತ ಇದ್ದ ನೂರು ಏಜೆಂಟರಲ್ಲಿ ತೊಂಬತ್ತೊಂಬತ್ತು ಮಂದಿ ಅದನ್ನೇ ಬರೆಯುತ್ತಿದ್ದರು. ಉಳಿದ ಒಬ್ಬ ರಜೆಯಲ್ಲಿರುತ್ತಿದ್ದ.

"ಆಸ್ಪತ್ರೆಯವರ ಆರ್ಡರು ತರಿಸಿ ನೋಡಿದೆ," ಎಂದ ಪರೀಕ್ಷಕ, ಕೈಯ ಧೂಳು ಕೊಡವುತ್ತ. "ವಾರ್ಡಿನಿಂದ ಶವಾಗಾರಕ್ಕೆ ಅಂತಿದೆ. ಇದು ಹೆಣದ ಗಾಡಿ. ನೀವು ತಪ್ಪು ಬರೆದಿದ್ದೀರಿ."

ಬೆನ್ನ ಹಿಂದೆ ಇಡೀ ಶೆಡ್ಡು ಅವನನ್ನು ಮೊಸರು ಸಾಹೇಬ ಎನ್ನುತ್ತಿತ್ತು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ. ಈತ ಹುಡುಕಿದ ಕಲ್ಲನ್ನು ತೂಗಿ, ತೂಕ ಬರೆದು, ಮೊಸರು ತಂದವರ ಸಹಿ ಹಾಕಿಸಿಕೊಳ್ಳುತ್ತಿದ್ದ. ಲಂಚ ಮುಟ್ಟಿದವನಲ್ಲ. ಮುಟ್ಟಿದ್ದರೆ ಒಂದಿಬ್ಬರಾದರೂ ಅವನನ್ನು ಇಷ್ಟಪಡುತ್ತಿದ್ದರೇನೋ.

ಏಜೆಂಟಮ್ಮನಿಗಂತೂ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಎರಡು ವರ್ಷದ ಹಿಂದೆ ಅವಳ ಗಂಡ ಪರದೇಶದ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು ಅಟ್ಟಣಿಗೆಯಿಂದ ಬಿದ್ದು ಸತ್ತ. ದೇಹ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ಇದೇ ಶೆಡ್ಡಿಗೆ ಬಂತು. ಅವತ್ತು ಪಾಳಿಯಲ್ಲಿದ್ದವನು ಇವನೇ. "ತೂಕ ಹಾಕದೆ ಬಿಡೋಕೆ ಬರಲ್ಲ" ಎಂದು ಪೆಟ್ಟಿಗೆಯನ್ನು ಕಾಟಾದ ಮೇಲೆ ಏರಿಸಿ, ನೂರ ನಲವತ್ತಮೂರು ಕಿಲೋ ಎಂದು ಬರೆದುಕೊಂಡು, ಹಳದಿ ಕಾಗದವನ್ನು ಅವಳ ಮುಂದೆ ಹಿಡಿದಿದ್ದ. 'ಸರಕು: ಪೆಟ್ಟಿಗೆ ಒಂದು. ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ.' ಅವಳು ಸಹಿ ಹಾಕಿದ್ದಳು. ಸಹಿ ಹಾಕದಿದ್ದರೆ ಗಂಡ ಶೆಡ್ಡಿನಲ್ಲೇ ಉಳಿಯುತ್ತಿದ್ದ.

ಆ ಹಳದಿ ಕಾಗದದ ಪ್ರತಿ ಮನೆಯಲ್ಲಿ ಅತ್ತೆಯ ಕೈಗೆ ಸಿಕ್ಕಿತು. ಓದಿದರು. ಅವತ್ತಿನಿಂದ ಅವರು ಸೊಸೆಯ ಜೊತೆ ಮಾತು ಬಿಟ್ಟರು.

ಮಧ್ಯಾಹ್ನ ಇಬ್ಬರೂ ದೊಡ್ಡ ಸಾಹೇಬರ ಗಾಜಿನ ಕೋಣೆಯಲ್ಲಿ ನಿಂತಿದ್ದರು. ದೊಡ್ಡ ಸಾಹೇಬರಿಗೆ ನಿವೃತ್ತಿಗೆ ಐದು ತಿಂಗಳಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದೇ ಅವರ ಆಡಳಿತದ ಆದಿ ಅಂತ್ಯ. ಅವರು ಕಡತ ತಿರುವಿ, ತುಟಿ ಒತ್ತಿಕೊಂಡರು.

"ಮೇಡಂ, ಇದು ಈ ವರ್ಷ ನಿಮ್ಮದು ಮೂರನೇದು."

ಅವಳಿಗೆ ಗೊತ್ತಿತ್ತು. ಮೊದಲ ಸಲ ಹಿತ್ತಾಳೆಯ ತಿರುಪನ್ನು ಉಕ್ಕು ಎಂದು ಬರೆದಿದ್ದಳು. ಎರಡನೆಯ ಸಲ ಡಜನ್ ಲೆಕ್ಕದ ಮಾಲನ್ನು ಬಿಡಿ ಲೆಕ್ಕ ಎಂದು ಬರೆದಿದ್ದಳು. ಮೂರನೆಯ ತಪ್ಪು ಘೋಷಣೆಗೆ ಲೈಸೆನ್ಸು ರದ್ದು. ಎರಡು ಸಲ ಪರೀಕ್ಷೆ ಫೇಲಾಗಿ, ಮೂರನೆಯ ಸಲ ಪಾಸಾಗಿ ಪಡೆದ ಲೈಸೆನ್ಸು. ಮನೆ ನಡೆಯುತ್ತಿದ್ದುದು ಅದೊಂದರಿಂದಲೇ.

"ತಪ್ಪೇ ಅಲ್ಲ ಸರ್," ಎಂದಳು. "ಕೂರೋಕೆ ಸೀಟಿಲ್ಲ. ರಸ್ತೆಗೆ ಇಳಿಯೋ ಗಾಡಿ ಅಲ್ಲ. ಕಾಂಪೌಂಡ್ ಒಳಗೆ ಸಾಮಾನು ಎಳೆಯೋ ಗಾಡಿಗೆ ಪುಸ್ತಕದಲ್ಲಿ ಬೇರೆ ಜಾಗವೇ ಇದೆ. ಅಲ್ಲೇ ಬರೆದಿದ್ದೀನಿ."

"ಆ ಜಾಗ ಸಾಮಾನಿಗೆ," ಎಂದ ಪರೀಕ್ಷಕ. ಪುಸ್ತಕದ ಆ ಪುಟಕ್ಕೆ ಮೊದಲೇ ಬೆರಳಿಟ್ಟು ತಂದಿದ್ದ. "ಆಂಬುಲೆನ್ಸು, ಹೆಣದ ಗಾಡಿ, ಕಾರು, ಮೂರಕ್ಕೂ ಇಲ್ಲಿ ಒಂದೇ ಮನೆ. ಜನರನ್ನ ಒಯ್ಯೋ ವಾಹನ. ನೀವೇ ಓದ್ತೀರೋ, ನಾನು ಓದಲೋ?"

"ಹೆಣ ಜನ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ದೊಡ್ಡ ಸಾಹೇಬರು ಫ್ಯಾನಿನ ಕಡೆ ನೋಡಿದರು. ಪರೀಕ್ಷಕನ ಮುಖ ಒಂದಿಷ್ಟೂ ಅಲುಗಲಿಲ್ಲ.

"ಅವತ್ತು ಬಂದಿದ್ದು ಪೆಟ್ಟಿಗೆ. ಇವತ್ತು ಬಂದಿರೋದು ಗಾಡಿ. ಅದು ಬೇರೆ ಪ್ರಶ್ನೆ, ಇದು ಬೇರೆ."

ಅವನು ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿತ್ತು. ಅದಕ್ಕೇ ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ದೊಡ್ಡ ಸಾಹೇಬರು ಕೆಮ್ಮಿ ಮಧ್ಯೆ ಬಂದರು. "ಎಳೆದಾಡೋದು ಬೇಡ. ಪುಸ್ತಕ ಹೇಳೋದು ರಸ್ತೆ ಮೇಲಿನ ಹೆಣದ ಗಾಡಿ ವಿಷಯ, ಇದು ಕಾಂಪೌಂಡಿನ ಒಳಗಿಂದು. ಎರಡೂ ಕಡೆ ವಾದ ಇದೆ. ಮೇಡಂ, ನಿಮ್ಮ ಕಡೆಯಿಂದ ಒಂದು ವಿವರಣೆ ಬರೆದುಕೊಡಿ. ನಾನು ಒಪ್ಪಿಕೊಂಡು ಕಡತ ಮುಗಿಸ್ತೀನಿ. ತಪ್ಪೂ ಇಲ್ಲ, ಮೂರನೇದೂ ಇಲ್ಲ."

"ವಿವರಣೆಯಲ್ಲಿ ಹಾರಿಕೆ ಮಾತು ಇರಬಾರದು ಸರ್," ಎಂದ ಪರೀಕ್ಷಕ. "ಮೃತದೇಹ ಅನ್ನೋದು ಸರಕು ಅಂತ, ಅದೇ ಪದದಲ್ಲಿ ಬೇಕು. ನಾಳೆ ಆಡಿಟ್‌ನವರು ದಿಂಬು ನೋಡಿ ನನ್ನ ಕುತ್ತಿಗೆ ಹಿಡಿದ್ರೆ, ನಾನು ತೋರಿಸೋಕೆ ಒಂದು ಕಾಗದ ಇರಬೇಕಲ್ಲ."

"ಬರೆದುಕೊಡ್ತೀನಿ," ಎಂದಳು ಏಜೆಂಟಮ್ಮ. "ಅದರಲ್ಲೇನಿದೆ."

ಸಂಜೆ ಅಡಿಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಒಲೆಯ ಮುಂದೆ ಅತ್ತೆ ನಿಂತಿದ್ದರು. ಎರಡು ವರ್ಷದಿಂದ ಅತ್ತೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. "ಉಪ್ಪು ಮುಗಿದಿದೆಯಂತೆ" ಎಂದರೆ ಗೋಡೆ ಉಪ್ಪು ತರಬೇಕು. "ಯಾರಿಗೋ ಜ್ವರ ಬಂದಹಾಗಿದೆ" ಎಂದರೆ ಗೋಡೆ ಮಾತ್ರೆ ನುಂಗಬೇಕು. ಸೊಸೆಯೂ ಗೋಡೆಗೇ ಉತ್ತರ ಕೊಡಲು ಕಲಿತಿದ್ದಳು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ವಿಷಯ ಗೊತ್ತಿದ್ದದ್ದು ಗೋಡೆಗೆ.

"ಯಾರೋ ಒಂದು ಗಂಟೆಯಿಂದ ಒಂದೇ ಸಾಲು ಬರೀತಾ ಇದ್ದಾರೆ," ಎಂದರು ಅತ್ತೆ, ಗೋಡೆಗೆ.

"ಆಸ್ಪತ್ರೆ ಗಾಡಿದು," ಎಂದಳು ಸೊಸೆ, ಅದೇ ಗೋಡೆಗೆ. "ತೀರಿಕೊಂಡವರನ್ನ ಒಯ್ಯೋ ಗಾಡಿ. ಅದು ಸಾಮಾನಿನ ಗಾಡಿ ಅಂತ ಬರೆದುಕೊಟ್ಟರೆ ಲೈಸೆನ್ಸು ಉಳಿಯುತ್ತೆ."

ಸೌಟು ಪಾತ್ರೆಗೆ ತಾಗುವ ಸದ್ದು ಜೋರಾಯಿತು.

"ಬರೀಲಿ. ಹೊಸದೇನಲ್ಲವಲ್ಲ. ಕೈ ಪಳಗಿದೆ."

ಸೊಸೆ ಹಲ್ಲು ಕಚ್ಚಿಕೊಂಡು ಸಾಲನ್ನು ಮುಗಿಸಿದಳು. ಅತ್ತೆಯ ಮೇಲಿನ ಸಿಟ್ಟಿಗೇ ಅಕ್ಷರ ದುಂಡಗೆ ಬಂತು. ಅವತ್ತು ಸಹಿ ಹಾಕಿದ ಕೈಯ ದುಡಿಮೆಯನ್ನೇ ಇವರು ಎರಡು ಹೊತ್ತು ಉಣ್ಣುವುದು. ಅದನ್ನು ಗೋಡೆಗೂ ಹೇಳಲಾಗುವುದಿಲ್ಲ.

ಮರುದಿನ ಹನ್ನೊಂದಕ್ಕೆ ಗಾಜಿನ ಕೋಣೆಯಲ್ಲಿ ಕಾಗದ ಮುಂದಿಟ್ಟಳು. ದೊಡ್ಡ ಸಾಹೇಬರು ಜೇಬು ತಡಕಿ, ಮೇಜಿನ ಡ್ರಾಯರು ತಡಕಿ, "ಕನ್ನಡಕ ಮನೇಲೇ ಉಳೀತು. ನೀವೇ ಓದಿಬಿಡಿ ಮೇಡಂ, ನಾನು ಸಹಿ ಮಾಡ್ತೀನಿ" ಎಂದರು.

ಅವಳು ಓದತೊಡಗಿದಳು. ಗಾಡಿಯ ಉದ್ದ, ಅಗಲ, ಬ್ಯಾಟರಿಯ ಶಕ್ತಿ, ವೇಗ. ಅಷ್ಟನ್ನೂ ಸರಾಗವಾಗಿ ಓದಿದಳು. "ಸದರಿ ಗಾಡಿಗಳಲ್ಲಿ ಸಾಗಿಸಲಾಗುವ ಮೃತದೇಹಗಳು..."

ಅಲ್ಲಿಗೆ ನಿಂತಳು.

"ಮುಂದೆ," ಎಂದ ಪರೀಕ್ಷಕ. ಅವನ ಪೆನ್ನು ಆಗಲೇ ಕಡತದ ಮೇಲಿತ್ತು. ಅವನ ಮುಖದಲ್ಲಿ ಗೆದ್ದ ಖುಷಿಯೂ ಇರಲಿಲ್ಲ, ಸೋತ ಬೇಸರವೂ ಇರಲಿಲ್ಲ. ಬರೆದುಕೊಳ್ಳಲು ಒಂದು ಪದ ಬೇಕಿತ್ತು, ಅಷ್ಟೇ.

ಅಳು ಬರಲಿಲ್ಲ ಅವಳಿಗೆ. ಬಂದದ್ದು ಕೋಪ. ಅವತ್ತಿನ ಹಳದಿ ಕಾಗದದ ಮಾತು ಇವನ ಕಚೇರಿಯದು, ಅವಳದು ಬರೀ ಸಹಿ. ಎರಡು ವರ್ಷ ಅವಳು ಹಾಗೆಂದುಕೊಂಡೇ ಬದುಕಿದ್ದಳು. ಇವತ್ತಿನ ಮಾತು ಅವಳದೇ ಆಗುತ್ತದೆ. ತಾನೇ ಬರೆದು, ತಾನೇ ಓದಿ ಹೇಳಿದ ಮೇಲೆ ಇವನನ್ನು ದ್ವೇಷಿಸುವ ಹಕ್ಕೂ ಉಳಿಯುವುದಿಲ್ಲ.

"ಪೆನ್ನು ಕೊಡಿ," ಎಂದಳು.

ಪರೀಕ್ಷಕ ತನ್ನದನ್ನೇ ಕೊಟ್ಟ. ಅವಳು ಇಡೀ ಹಾಳೆಗೆ ಅಡ್ಡಗೀಟು ಎಳೆದು, ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದಳು: 'ಇವು ಜನರನ್ನು ಒಯ್ಯುವ ವಾಹನಗಳು, ಆರು. ನನ್ನ ಮೊದಲ ಘೋಷಣೆ ತಪ್ಪು.'

"ಏನು ಮಾಡ್ತಾ ಇದ್ದೀರಿ ಮೇಡಂ?" ದೊಡ್ಡ ಸಾಹೇಬರಿಗೆ ಕನ್ನಡಕವಿಲ್ಲದೆಯೂ ಅಡ್ಡಗೀಟು ಕಂಡಿತ್ತು. "ಮೂರನೇದು ಆಗುತ್ತೆ. ನನ್ನ ಕೈಲಿ ಏನೂ ಇರಲ್ಲ."

"ಗೊತ್ತು ಸರ್."

ಪರೀಕ್ಷಕ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಸಲ ಓದಿದ.

"ಆರು ಅನ್ನೋದನ್ನ ಅಂಕಿಯಲ್ಲೂ ಬರೀರಿ," ಎಂದ.

ಅವಳು ಬರೆದಳು. ಲೈಸೆನ್ಸಿನ ಕಾರ್ಡನ್ನೂ ಮೊಹರನ್ನೂ ಮೇಜಿನ ಮೇಲಿಟ್ಟಳು. ಅವನು ಎರಡನ್ನೂ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಅವಳ ಸಹಿ ಹಾಕಿಸಿಕೊಂಡ.

ಮನೆಗೆ ಬಂದಾಗ ಒಂದು ಗಂಟೆಯೂ ಆಗಿರಲಿಲ್ಲ. ಅತ್ತೆ ಪಾತ್ರೆ ತೊಳೆಯುತ್ತಿದ್ದರು.

"ಇಷ್ಟು ಬೇಗ ಬಂದಿದ್ದಾರೆ ಯಾರೋ," ಎಂದರು ಗೋಡೆಗೆ.

ಸೊಸೆ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. "ಲೈಸೆನ್ಸು ಹೋಯ್ತು ಅತ್ತೆ. ಸಾಮಾನು ಅಂತ ಬರೀಲಿಲ್ಲ. ಜನ ಅಂತ ಬರೆದೆ."

ನಲ್ಲಿ ನಿಂತಿತು. ಅತ್ತೆ ಕೈಯಲ್ಲಿದ್ದ ಪಾತ್ರೆಯ ಸಮೇತ ಸೊಸೆಯ ಕಡೆ ತಿರುಗಿ ಅವಳ ಮುಖವನ್ನೇ ನೋಡಿದರು. ಅವರ ಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಬುದ್ಧಿ ಇದೆಯೇನೇ ನಿಂಗೆ?" ಎಂದರು.

ಅಲ್ಲಿಂದ ಶುರುವಾಯಿತು. ಇದ್ದ ಒಂದು ಆಧಾರವನ್ನೂ ಕಳೆದುಕೊಂಡು ಬಂದಿದ್ದೀಯಲ್ಲ, ನಾಳೆ ಏನು ತಿಂತೀಯಾ, ನಂಗೇನು ತಿನ್ನಿಸ್ತೀಯಾ, ಎರಡು ಸಲ ಫೇಲಾಗಿ ಓದಿದ್ದು ಇದಕ್ಕಾ, ನಿನ್ನ ಹಠ ನಿಂಗೇ ತಿರುಗಿ ಹೊಡೆಯುತ್ತೆ ಅಂತ ಮದುವೆ ದಿನವೇ ಅಂದುಕೊಂಡಿದ್ದೆ, ಅವನೂ ಅಷ್ಟೇ, ಹೇಳ್ದೆ ಕೇಳ್ದೆ ಹಡಗುಕಟ್ಟೆಗೆ ಹೋದ, ಜೋಡಿ ಸರಿಯಾಗೇ ಸಿಕ್ಕಿತ್ತು, ಮೈಯಲ್ಲಿ ಎಲುಬಷ್ಟೇ ಉಳಿದಿದೆ ನಿಂಗೆ, ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು. ಎರಡು ವರ್ಷ ಗೋಡೆಗೂ ಹೇಳದೆ ಇಟ್ಟುಕೊಂಡದ್ದೆಲ್ಲ ಒಂದರ ಹಿಂದೊಂದು ಬಂತು.

ಸೊಸೆ ಮೇಜಿನ ಮುಂದೆ ಕೂತು ಒಂದೂ ಬಿಡದೆ ಕೇಳಿಸಿಕೊಂಡಳು. ಕೊನೆಗೆ ಅತ್ತೆಯ ಉಸಿರು ಸಿಕ್ಕಿಕೊಂಡು ಕೆಮ್ಮು ಬಂದಾಗ, ಎದ್ದು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಅತ್ತೆ ಅದನ್ನು ಒಂದೇ ಸಮ ಗಟಗಟ ಕುಡಿದು, ಲೋಟ ಕೆಳಗಿಟ್ಟು, ಬಿಟ್ಟಲ್ಲಿಂದ ಮತ್ತೆ ಶುರುಮಾಡಿದರು.