ಬೆನ್ನ ಹಿಂದಿನ ಗಂಟು

ಕಪಿಲೆ ಬಾವಿಯ ಹಗ್ಗವನ್ನು ಇಬ್ಬರು ಹೊತ್ತು ತಂದು ಗೋಣಿಮರದ ಬುಡಕ್ಕೆ ಹಾಕಿದರು. ವೆಂಕಟರಾಯಪ್ಪ ಅದರ ಎಳೆ ಬಿಡಿಸಿ ಒಳಗೆ ಬೆರಳಾಡಿಸಿ ನೋಡಿ, ಬೇಡವೆಂದು ಆಚೆ ತಳ್ಳಿದ. ವರ್ಷಗಟ್ಟಲೆ ನೀರು ಕುಡಿದ ಹಗ್ಗ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗಿನ ನಾರು ಉಗುರಿಗೆ ಪುಡಿಯಾಗಿ ಬರುತ್ತಿತ್ತು. ಮರದ ಮೇಲೆ ದಪ್ಪ ಕೊಂಬೆಯೊಂದರ ಕೆಳಗೆ, ಎಲೆಗಳ ಮರೆಯಲ್ಲಿ, ಅವನ ತಮ್ಮ ಆವುಲಪ್ಪ ಸೊಂಟದ ಹಗ್ಗದಲ್ಲಿ ಜೋತುಬಿದ್ದಿದ್ದ. ಬೆಳಗ್ಗೆಯೇ ಜೀವ ಹೋಗಿತ್ತು. ಹೆಜ್ಜೇನು ಅಡಗುವವರೆಗೆ ಯಾರೂ ಮರದ ಹತ್ತಿರ ಸುಳಿಯುವಂತಿರಲಿಲ್ಲ. ಅಡಗಿದ ಮೇಲೆ ಹತ್ತುವವರಿರಲಿಲ್ಲ.

ಅಂಬಾಜಿದುರ್ಗದ ಮಗ್ಗುಲಿನ ಆ ಊರಿಗೆ ಆ ವರ್ಷ ಕರೆಂಟು ಬರುವುದಿತ್ತು. ಚಿಂತಾಮಣಿಯ ಕಡೆಯಿಂದ ಕಂಬಗಳು ಸಾಲಾಗಿ ನಡೆದು ಬಂದು ಗುಂಡುತೋಪಿನ ಅಂಚಿಗೆ ನಿಂತಿದ್ದವು. ತಂತಿಗೆ ಅಡ್ಡ ಬರುವ ಕೊಂಬೆ ಸವರಲು ಆವುಲಪ್ಪ ಹತ್ತಿದ್ದ. ಎಲೆಯ ಹಿಂದೆ ಕಾಣದಂತಿದ್ದ ಹೆಜ್ಜೇನಿನ ಹುಟ್ಟಿಗೆ ಮಚ್ಚು ತಗುಲಿತು. ಹೇಳುವುದಕ್ಕೆ ಅಷ್ಟೇ.

ಕರೆ ಹೋದಾಗ ವೆಂಕಟರಾಯಪ್ಪ ಕುಂಟೆಯ ನೀರಿನಲ್ಲಿ ಕತ್ತಾಳೆ ನಾರು ತೊಳೆಯುತ್ತಿದ್ದ. ತಮ್ಮನ ಜೊತೆ ಮಾತು ಬಿಟ್ಟು ಎರಡು ಸಂಕ್ರಾಂತಿ ಕಳೆದಿದ್ದವು. ಜಗಳ ಯಾತರಿಂದ ಶುರುವಾಯಿತೆಂದು ಕೇಳಿದರೆ ಇಬ್ಬರೂ ತಡವರಿಸುತ್ತಿದ್ದರೇನೋ. ಒಂದು ಕುಕ್ಕೆ ಹುಣಿಸೆಹಣ್ಣು, ಒಂದು ಒಲೆ, ಯಾರೋ ಯಾರಿಗೋ ಅಂದ ಒಂದು ಮಾತು. ಮಾತು ಬೆಳೆದು ಮನೆಯ ನಡುವೆ ಗೋಡೆ ಎದ್ದಿತು. ಪಾತ್ರೆ, ಕೊಟ್ಟಿಗೆ, ಒರಳುಕಲ್ಲು ಎಲ್ಲ ಹಂಚಿ ಮುಗಿದ ಮೇಲೆ ಉಳಿದದ್ದು ಅಪ್ಪ ಹೊಸೆದ ಹಗ್ಗ. ಆ ಸೀಮೆಯಲ್ಲಿ ಅಂಥ ಹಗ್ಗ ಇನ್ನೊಂದಿರಲಿಲ್ಲ. ನಾನು ಬಿಡೆ, ನೀನು ಬಿಡೆ ಎಂದು ಇಬ್ಬರೂ ಅದರ ಎರಡು ತುದಿ ಹಿಡಿದು ನಿಂತಾಗ, ಪಂಚಾಯ್ತಿಗೆ ಬಂದಿದ್ದ ಹನುಮಂತರಾಯಪ್ಪನಿಗೆ ರೇಗಿಹೋಯಿತು. ಮಚ್ಚು ತರಿಸಿ ನಟ್ಟನಡುವೆ ಕಡಿದು, ತಗೊಳ್ಳಿ ಸಮಪಾಲು ಎಂದ. ಬುದ್ಧಿವಂತರೆಲ್ಲ ಸೇರಿ ಮಾಡಿದ ಕೆಲಸ ಅದು. ಎತ್ತರದ ಮರಕ್ಕೆ ಸಾಕಾಗುತ್ತಿದ್ದ ಒಂದು ಹಗ್ಗ ಹೋಗಿ, ಯಾವುದಕ್ಕೂ ಸಾಲದ ಎರಡು ಹಗ್ಗ ಆದವು.

ಕಡಿಯಲಾಗದ್ದು ಗಂಟು. ಮರ ಹತ್ತುವಾಗ ಅವರ ಮನೆಯವರು ಸೊಂಟದ ಹಗ್ಗಕ್ಕೆ ಹಾಕುವ ಗಂಟು ಬೆನ್ನ ಹಿಂದೆ ಬರುತ್ತಿತ್ತು. ಮುಂದಿದ್ದರೆ ಕೊಂಬೆ ತಬ್ಬಿದಾಗ ತೊಗಟೆಗೆ ಉಜ್ಜಿ ಸವೆಯುತ್ತದೆ. ಹಿಂದಿನ ಗಂಟನ್ನು ಹತ್ತುವವನು ತಾನೇ ಕಟ್ಟಿಕೊಳ್ಳಲಾರ. ನೆಲದ ಮೇಲಿರುವವನು ಕಟ್ಟಿ, ಅದರ ಮೇಲೆ ಎರಡೇಟು ತಟ್ಟಿ, "ಐತಾ?" ಎನ್ನಬೇಕು. ಹತ್ತುವವನು ಒಮ್ಮೆ ಜಗ್ಗಿ, "ಐತೆ" ಎನ್ನಬೇಕು. ಆ ಮಾತು ಬರದೆ ಕಾಲು ನೆಲ ಬಿಡುವಂತಿಲ್ಲ. ಭಾರ ಬಿದ್ದಷ್ಟೂ ಬಿಗಿಯುವ ಗಂಟು ಅದು. ಆದರೆ ಎಡಗೈಗೆ ಸಿಗುವಂತೆ ಬಿಟ್ಟ ಬಾಲವನ್ನು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಜೇನು ಎದ್ದಾಗ ಹಗ್ಗದಲ್ಲಿ ಸಿಕ್ಕಿಕೊಂಡಿದ್ದರೆ ಬದುಕಿಲ್ಲ, ಬಾಲ ಎಳೆದು ಕಾಂಡ ತಬ್ಬಿ ಜಾರಿಬಿಡಬೇಕು. ಅಪ್ಪ ಕಲಿಸಿದ್ದು ಹಿರಿಯನಿಗೆ. ಚಿಕ್ಕಂದಿನಿಂದ ಅಣ್ಣನೇ ಕಟ್ಟುತ್ತಿದ್ದುದರಿಂದ ಆವುಲಪ್ಪ ತನ್ನ ಬೆನ್ನ ಗಂಟನ್ನು ಕಣ್ಣಿಂದ ಕಂಡವನೇ ಅಲ್ಲ.

ಪಾಲಾದ ಮೇಲೆ ಆವುಲಪ್ಪನಿಗೆ ಗಂಟು ಕಟ್ಟುತ್ತಿದ್ದವಳು ಅವನ ಹೆಂಡತಿ ಅಕ್ಕಯಮ್ಮ. ಬುತ್ತಿ ತಂದಾಗ ದೂರದಿಂದ ನೋಡಿದ್ದನ್ನು ನೆನಪು ಮಾಡಿಕೊಂಡು ಕಟ್ಟುತ್ತಿದ್ದಳು. ಹೋದ ಯುಗಾದಿಯ ಮಾರನೆಯ ದಿನ ಅವಳು ಹಗ್ಗ ಹಿಡಿದು ಗೋಡೆಯ ಈಚೆಗೆ ಬಂದು, ಅಂಗಳದಲ್ಲಿ ತಲೆ ತಗ್ಗಿಸಿ ನಿಂತು, ಆ ಗಂಟು ಒಂದು ಸಲ ಸರಿಯಾಗಿ ತೋರಿಸಿಕೊಡಿ ಎಂದು ಕೇಳಿದ್ದಳು. ವೆಂಕಟರಾಯಪ್ಪ ಎಲೆಯಡಿಕೆ ಮಡಿಸುತ್ತಿದ್ದವನು ತಲೆಯೆತ್ತಲಿಲ್ಲ.

"ಎಲ್ಲಾ ಪಾಲಾಯ್ತಲ್ಲಮ್ಮ. ಗಂಟು ನಿಮ್ ಪಾಲಿಗೆ ಬರ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ" ಎಂದಿದ್ದ.

ಈಗ ಅವಳು ಮರದಿಂದ ಸ್ವಲ್ಪ ದೂರದಲ್ಲಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ವೆಂಕಟರಾಯಪ್ಪ ಅವಳತ್ತ ನೋಡಲಾರದೆ, ತನ್ನ ಪಾಲಿನ ಹಗ್ಗವನ್ನು ಹೆಗಲಿಗೆ ಏರಿಸಿ, ಹಗ್ಗದ ಎಳೆ ಬಿಡಿಸುವ ಅಪ್ಪನ ಕಾಲದ ಕೊಂಬಿನ ಮೊಳೆಯನ್ನು ಉಡಿದಾರಕ್ಕೆ ಸಿಗಿಸಿಕೊಂಡ. ಸೊಂಟಕ್ಕೆ ಏನೂ ಕಟ್ಟಿಕೊಳ್ಳದೆ ಹತ್ತುತ್ತೀಯಾ ಎಂದು ಹನುಮಂತರಾಯಪ್ಪ ಗಾಬರಿಯಾದ.

"ಕಟ್ಟೋರ್ಯಾರು?" ಎಂದು ವೆಂಕಟರಾಯಪ್ಪ ಕಾಂಡಕ್ಕೆ ಕೈ ಹಾಕಿದ.

"ಜಾಗ್ರತ, ನಾಯನಾ" ಎಂದ ಮುದುಕ ಹನುಮಂತರಾಯಪ್ಪ ಹಿಂದಿನಿಂದ.

ಎಷ್ಟೋ ವರ್ಷಗಳ ಮೇಲೆ ಹತ್ತಿದ ಮೈ. ಕವಲಿಂದ ಕವಲಿಗೆ ಕೈ ಊರುತ್ತಾ ಕೊಂಬೆ ತಲುಪಿದ. ತಮ್ಮನನ್ನು ತೋಳಿಗೆ ಕೈಕೊಟ್ಟು ಎಳೆದು, ಅಗಲವಾದ ಕೊಂಬೆಯ ಮೇಲೆ ಬೋರಲಾಗಿ ಮಲಗಿಸಿ, ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡ. ಮುಖ ಗುರುತು ಸಿಗದಷ್ಟು ಊದಿತ್ತು. ಕಿವಿ ಮಾತ್ರ ಹಾಗೇ ಇತ್ತು, ಅಮ್ಮ ಹಿಂಡುತ್ತಿದ್ದ ಅದೇ ಅಗಲ ಕಿವಿ. ವೆಂಕಟರಾಯಪ್ಪನಿಗೆ ದುಃಖ ಉಕ್ಕಿಬಂತು. ಕೆಳಗಿರುವವರಿಗೆ ಕೇಳಿಸದಂತೆ, ತೋಳು ಕಚ್ಚಿಕೊಂಡು ಅತ್ತ.

ಆಮೇಲೆ ಗಂಟು ನೋಡಿದ. ಬಾಲ ಆವುಲಪ್ಪನ ಎಡಗೈಗೆ ಸುತ್ತಿಕೊಂಡಿತ್ತು, ಅಂಗೈ ಸುಲಿದಿತ್ತು. ಅವನು ಎಳೆದಿದ್ದ. ಕಣ್ಣು ಕಾಣದಂತಾದ ಮೇಲೂ, ಕಾಲು ಜಾರಿದ ಮೇಲೂ ಎಳೆದಿದ್ದ. ಗಂಟಿನಲ್ಲಿ ಕೊನೆಯ ಸುತ್ತು ಒಳಗಿಂದ ಬರುವ ಬದಲು ಹೊರಗಿಂದ ಬಂದಿತ್ತು, ಅಷ್ಟೇ ತಪ್ಪು. ದೂರದಿಂದ ನೋಡಿ ಕಲಿತವರಿಗೆ ಅದು ಹಾಗೆಯೇ ಕಾಣುವುದು. ಎಳೆದಷ್ಟೂ ಅದು ಬಿಚ್ಚದೆ ಬಿಗಿದು ಕಲ್ಲಾಗಿತ್ತು.

ಕೆಳಗೆ ಅಕ್ಕಯಮ್ಮ ಎದ್ದು ಬುಡದ ಹತ್ತಿರ ಬಂದಿದ್ದಳು. ತಲೆಯೆತ್ತಿ ನೋಡುತ್ತಿದ್ದರೂ ಎಲೆಗಳ ಸಂದಿಯಲ್ಲಿ ಅವಳಿಗೆ ಏನೂ ಕಾಣುವಂತಿರಲಿಲ್ಲ.

"ಬಾವ" ಎಂದಳು. "ಗಂಟು ಐತಾ?"

ವೆಂಕಟರಾಯಪ್ಪ ಆ ಹೊರಗಿನ ಸುತ್ತಿನ ಮೇಲೆ ಬೆರಳಿಟ್ಟು ಕೂತಿದ್ದ. ಇದು ಇವಳು ಹಾಕಿದ ಸುತ್ತಲ್ಲ, ಯುಗಾದಿಯ ಮಾರನೆಯ ದಿನ ಅಂಗಳದಲ್ಲಿ ನಾನು ಹಾಕಿದ್ದು ಎಂದು ಅವನಿಗೆ ಅನ್ನಿಸಿತು. ಹಾಗೆಂದು ಕೂಗಿ ಹೇಳಿದರೆ ತನ್ನ ಎದೆ ಹಗುರಾಗಬಹುದು. ಅವಳು ಮಾತ್ರ ಸಾಯುವ ತನಕ ತನ್ನೆರಡು ಕೈಗಳನ್ನು ನೋಡಿಕೊಂಡಿರಬೇಕಾಗುತ್ತದೆ.

"ಐತೆ ಕಣಮ್ಮ" ಎಂದ. "ಸರಿಯಾಗೇ ಐತೆ. ಜೇನು ಕೈ ಎತ್ತಕ್ಕೂ ಬಿಡ್ಲಿಲ್ಲ, ಅಷ್ಟೆ."



ಅವನು ಕೊಂಬಿನ ಮೊಳೆ ತೆಗೆದು ಗಂಟಿನ ಹೊಟ್ಟೆಗೆ ಚುಚ್ಚಿ, ಮೀಟಿ ಮೀಟಿ ಸಡಿಲಿಸಿದ. ಪೂರ್ತಿ ಬಿಚ್ಚಿದ. ಹೆಣ ಇಳಿಸುವವರು ಹಗ್ಗವನ್ನು ಕಂಕುಳಡಿ ಹಾಕುತ್ತಾರೆ, ನೇರವಾಗಿ ಇಳಿಯುತ್ತದೆ. ಅವನು ಹಾಗೆ ಮಾಡಲಿಲ್ಲ. ಹಗ್ಗ ಮೊದಲಿದ್ದಂತೆಯೇ ಸೊಂಟಕ್ಕೆ ಬಂತು. ಗಂಟು ಬೆನ್ನ ಹಿಂದೆ, ಅದೇ ಉಜ್ಜಿದ ಗುರುತಿನ ಮೇಲೆ ಕೂತಿತು. ಈ ಸಲ ಕೊನೆಯ ಸುತ್ತು ಒಳಗಿಂದ ಬಂತು. ತಲೆ ಜೋಲದಿರಲೆಂದು ತನ್ನ ರುಮಾಲು ಬಿಚ್ಚಿ ಎದೆಯನ್ನು ಹಗ್ಗಕ್ಕೆ ಬಿಗಿದ. ಸುಲಿದ ಅಂಗೈಯನ್ನು ಮುಷ್ಟಿ ಮಾಡಿ ಬಟ್ಟೆಯೊಳಗೆ ಸೇರಿಸಿದ.

ಇನ್ನು ಹಗ್ಗ ಸಾಲುತ್ತಿರಲಿಲ್ಲ. ತಮ್ಮನ ಪಾಲು ನೆಲ ಮುಟ್ಟುವುದಿಲ್ಲ, ತನ್ನದೂ ಮುಟ್ಟುವುದಿಲ್ಲ. ಎರಡನ್ನೂ ಸೇರಿಸಿ ಗಂಟು ಹಾಕಿಬಿಡಪ್ಪ, ಹೊತ್ತು ಮುಳುಗುತ್ತೆ ಎಂದು ಹನುಮಂತರಾಯಪ್ಪ ಕೆಳಗಿಂದ ಹೇಳಿದ. ವೆಂಕಟರಾಯಪ್ಪ ಕವಲಿನತ್ತ ನೋಡಿದ. ಗಂಟು ಹಾಕಿದರೆ ಅದು ಕೊಂಬೆಯ ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ತಮ್ಮ ನಡುದಾರಿಯಲ್ಲಿ ನಿಂತು ಎಲ್ಲರ ಕಣ್ಣೆದುರು ತಿರುಗುತ್ತಾನೆ. ಎಳೆಗೆ ಎಳೆ ಹೆಣೆದು ಬೆಸೆಯಬೇಕು.

ತಮ್ಮನ ಹಗ್ಗವನ್ನು ಕೊಂಬೆಯಿಂದ ಬಿಚ್ಚಿಕೊಂಡು, ಹನುಮಂತರಾಯಪ್ಪ ಕಡಿದಿದ್ದ ಎರಡು ತುದಿಗಳನ್ನು ತೊಡೆಯ ಮೇಲೆ ಎದುರುಬದುರು ಇಟ್ಟುಕೊಂಡ. ತನ್ನ ತುದಿಗೆ ದಾರ ಸುತ್ತಿ ಜೋಪಾನ ಮಾಡಿದ್ದ. ಆವುಲಪ್ಪ ತನ್ನ ತುದಿಗೆ ಮುದ್ದೆಯಂತೆ ಒಂದು ಗಂಟು ಬಿಗಿದಿದ್ದ, ಯಾವತ್ತೂ ಅವಸರದವನು. ಎರಡನ್ನೂ ಬಿಡಿಸಿ ಮೂರು ಮೂರು ಎಳೆ ಮಾಡಿದ. ತನ್ನ ಹಗ್ಗ ಅಟ್ಟದ ಮೇಲೆ ಕೂತು ಬೆಳ್ಳಗೇ ಉಳಿದಿತ್ತು. ತಮ್ಮನದು ಬೆವರು ಕುಡಿದು ಕಪ್ಪಾಗಿತ್ತು. ಹೊಸೆತ ಮಾತ್ರ ಒಂದೇ ಕೈಯದು. ಬಿಳಿ ಎಳೆಯನ್ನು ಕಪ್ಪಿನ ಅಡಿಗೆ, ಕಪ್ಪು ಎಳೆಯನ್ನು ಬಿಳಿಯ ಅಡಿಗೆ ಮೊಳೆಯಿಂದ ದಾರಿ ಮಾಡಿ ತೂರಿಸುತ್ತಾ ಹೋದಂತೆ ಅವು ತಾವಾಗಿಯೇ ತಮ್ಮ ಜಾಗ ಹುಡುಕಿಕೊಂಡು ಕೂತವು. ಕೆಲಸ ಸಲೀಸಾಗಿ ನಡೆಯುತ್ತಿದ್ದುದನ್ನೇ ಅವನಿಗೆ ಸಹಿಸಲಾಗಲಿಲ್ಲ. ಇದನ್ನು ಯಾವ ಸಂಜೆ ಬೇಕಾದರೂ ಜಗಲಿಯಲ್ಲಿ ಕೂತು ಮಾಡಬಹುದಾಗಿತ್ತು. ತಮ್ಮ ಆ ತುದಿ ಹಿಡಿದುಕೊಂಡು ಕೂತಿರುತ್ತಿದ್ದ.

ಬೆಸುಗೆ ಮುಗಿಯಿತು. ಹಗ್ಗವನ್ನು ಕೊಂಬೆಗೆ ಸುತ್ತು ಹಾಕಿ ಭಾರ ಹಿಡಿದು, ತಮ್ಮನನ್ನು ಅಂಚಿಗೆ ಸರಿಸಿದ. ಅಭ್ಯಾಸಬಲದಿಂದ ಕೈ ತಾನಾಗಿ ಬೆನ್ನ ಗಂಟಿನ ಮೇಲೆ ಎರಡೇಟು ತಟ್ಟಿತು. ತಟ್ಟಿ, ಕಾದ.

"ಬಿಡಪ್ಪಾ" ಎಂದರು ಕೆಳಗಿನವರು.

ಅವನು ಹಗ್ಗ ಸಡಿಲಿಸಿದ. ಕಪ್ಪು ಹಗ್ಗ ಮೆಲ್ಲಗೆ ಓಡಿತು. ಬೆಸುಗೆ ಅಂಗೈಯಲ್ಲಿ ಸ್ವಲ್ಪ ಉಬ್ಬಿ, ಎಲ್ಲೂ ತಡೆಯದೆ ಕವಲು ದಾಟಿಕೊಂಡು ಹೋಯಿತು. ಅದರ ಹಿಂದೆ ತನ್ನ ಪಾಲಿನ ಬಿಳಿ ಹಗ್ಗವೂ ಕೈಯಿಂದ ಜಾರತೊಡಗಿತು.

ನೆಲಕ್ಕೆ ಬಂದವನನ್ನು ನಾಲ್ಕು ಜನ ಕೈಕೊಟ್ಟು ಮಲಗಿಸಿದರು. ರುಮಾಲು ಹಾಗೇ ಇರಲಿ, ಹಗ್ಗ ಕೊಯ್ದುಬಿಡೋಣ ಎಂದು ಹನುಮಂತರಾಯಪ್ಪ ಮಚ್ಚು ತೆಗೆದ.

"ಕೊಯ್ಬೇಡಿ" ಎಂದಳು ಅಕ್ಕಯಮ್ಮ.

ಅವಳು ಮಂಡಿಯೂರಿ, ಗಂಡನ ಬೆನ್ನ ಕೆಳಗೆ ಕೈ ತೂರಿಸಿ, ತಡವಿ ತಡವಿ ಬಾಲ ಹುಡುಕಿದಳು. ಸಿಕ್ಕಿತು. ಎಳೆಯದೆ ಸುಮ್ಮನೆ ಹಿಡಿದುಕೊಂಡಿದ್ದಳು. ಮೇಲೆ ವೆಂಕಟರಾಯಪ್ಪ ಎಲೆಯ ಸಂದಿಯಿಂದ ಉಸಿರು ಹಿಡಿದು ನೋಡುತ್ತಿದ್ದ. ಆಮೇಲೆ ಅವಳು ಒಂದು ಸಲ ಎಳೆದಳು. ಹಗ್ಗ ಸೊಂಟದಿಂದ ಸಡಿಲಗೊಂಡು ಎರಡೂ ಕಡೆಗೆ ಬಿಚ್ಚಿ ಬಿತ್ತು.

"ಬಿಚ್ಕೊಂತು" ಎಂದಳು, ಯಾರಿಗೆಂದು ಇಲ್ಲ. ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ಗಂಡನ ಎದೆಯ ಮೇಲಿಟ್ಟಳು. ಬೆಳಗ್ಗೆಯಿಂದ ಮತ್ತೆ ಮತ್ತೆ ಬಾಯಿಗೆ ತುರುಕಿಕೊಳ್ಳುತ್ತಿದ್ದ ಸೆರಗು ಜಾರಿತು. ಆಗ ಅವಳು ಗಟ್ಟಿಯಾಗಿ ಅತ್ತಳು.

ಮರದ ಮೇಲೆ ವೆಂಕಟರಾಯಪ್ಪ ಕೈಯಲ್ಲಿ ಉಳಿದಿದ್ದ ತುದಿಯನ್ನು ಬಿಟ್ಟ. ಅದು ಕೊಂಬೆಯ ಸುತ್ತು ಬಿಚ್ಚಿಕೊಳ್ಳುತ್ತಾ, ಎಲೆಗಳನ್ನು ಸವರಿಕೊಂಡು ಇಳಿದು, ಅವಳ ಮಗ್ಗುಲಲ್ಲಿ ಸುರುಳಿಯಾಗಿ ಬಿತ್ತು.