ನಂಬರಿಲ್ಲದ ಟ್ಯಾಂಕು

ಗಾಡಿಗೆ ಬಣ್ಣ ಹೊಡೆಯುವವನ ಹತ್ತಿರ ಬಂದು ಗಾಡಿಯನ್ನು ಹೊಲಸು ಮಾಡಿಕೊಡಿ ಎಂದವರು, ನನ್ನ ಮೂವತ್ತೈದು ವರ್ಷದ ಕಸುಬಿನಲ್ಲಿ, ಅನಂತಮೂರ್ತಿ ಮಾಸ್ತರರೊಬ್ಬರೇ. ಯಲ್ಲಾಪುರದ ಹೆದ್ದಾರಿಗೆ ತಾಗಿದ ನನ್ನ ಶೆಡ್ಡಿಗೆ ಬರುವ ಲಾರಿಗಳೆಲ್ಲ ಕೆಸರು, ಡೀಸೆಲ್ಲು, ಮರದ ತೊಗಟೆ ಬಳಿದುಕೊಂಡೇ ಬರುತ್ತವೆ. ಅವನ್ನು ಉಜ್ಜಿ, ಬಣ್ಣ ಹೊಡೆದು, ಹೆಸರು ನಂಬರು ಬರೆದು ಮದುಮಗನ ಹಾಗೆ ಮಾಡಿ ಕಳಿಸುವುದು ಈ ಖಾಜಾ ಹುಸೇನನ ಕೆಲಸ. ಮಾಸ್ತರರು ರಟ್ಟಿನ ಡಬ್ಬಿಯಿಂದ ಒಂದು ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕನ್ನು ಹೊರತೆಗೆದು ನನ್ನ ಮೇಜಿನ ಮೇಲೆ ಇಟ್ಟಾಗ, ಮೊಮ್ಮಗನ ಆಟಿಕೆ ಮುರಿದಿರಬೇಕು ಅಂದುಕೊಂಡೆ.

"ರಷ್ಯಾದ ಟ್ಯಾಂಕು ಸಾಬ್ರೆ, ಎರಡನೇ ಮಹಾಯುದ್ಧದ್ದು" ಎಂದರು. ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. "ಮುಂಬೈಯಿಂದ ಬಿಡಿಭಾಗ ತರಿಸಿ ನಾಕು ತಿಂಗಳು ಕೂತು ಅಂಟಿಸಿದ್ದು. ಬಣ್ಣ ಮಾತ್ರ ನನ್ನ ಕೈಲಿ ಆಗೂದಿಲ್ಲ. ಮುಂದಿನ ಭಾನುವಾರ ಹುಬ್ಬಳ್ಳೀಲಿ ಇಂಥವುಗಳ ಪ್ರದರ್ಶನ ಇದೆ ಮಾರಾಯ್ರೆ."

ಪುಸ್ತಕವೊಂದನ್ನು ಬಿಚ್ಚಿ ಫೋಟೋ ತೋರಿಸಿದರು. ಅಲ್ಲಿ ಹಿಮ ಬಿದ್ದಾಗ ಹಸಿರು ಟ್ಯಾಂಕು ದೂರದಿಂದಲೇ ವೈರಿಯ ಕಣ್ಣಿಗೆ ಬೀಳುತ್ತದಂತೆ. ಅದಕ್ಕೆ ಸಿಪಾಯಿಗಳು ಪೊರಕೆಯೋ ಚಿಂದಿಯೋ ಸಿಕ್ಕಿದ್ದು ತೆಗೆದುಕೊಂಡು ಮೇಲಿಂದ ಸುಣ್ಣ ಬಳಿಯುತ್ತಿದ್ದರಂತೆ. ಹತ್ತಿಳಿಯುವ ಬೂಟಿಗೆ, ನೀರಿಗೆ ಸುಣ್ಣ ಸವೆದು ಅಲ್ಲಲ್ಲಿ ಹಸಿರು ಇಣುಕಬೇಕು, ಕೆಳಗೆ ಕೆಸರು ಮೆತ್ತಿರಬೇಕು.

"ಸುಣ್ಣ ಹೆಂಗಾದ್ರೂ ಇರ್ಲಿ. ತಲೆ ಮೇಲೆ ಈ ನಂಬರ್ ಇದೆ ನೋಡಿ, ಇನ್ನೂರ ಮೂವತ್ತೆಂಟು. ಅದರ ಸುತ್ತ ಒಂದು ಚೌಕ ಹಸಿರಾಗೇ ಬಿಡ್ತಿದ್ರು, ಅವರವರಿಗೆ ಗುರ್ತು ಸಿಗ್ಲಿ ಅಂತ. ನಂಬರ್ ನೀಟಾಗಿ ಬರಬೇಕು. ಅದಕ್ಕೇ ನಿಮ್ಮ ಹತ್ರ ಬಂದದ್ದು."

ಆಗೋದಿಲ್ಲ ಮಾಸ್ತರ್ರೆ, ತಗೊಂಡು ಹೋಗಿ ಎನ್ನಬೇಕಿತ್ತು. ನನ್ನ ಬಲಗೈ ನಡುಗತೊಡಗಿ ಐದು ತಿಂಗಳಾಗಿತ್ತು. ಮೊದಲು ಕಿರುಬೆರಳು, ಆಮೇಲೆ ಮಣಿಕಟ್ಟು. ಕುಂಚ ಹಿಡಿದು ಗೆರೆ ಎಳೆಯಲು ಹೋದಾಗಲೇ ಜಾಸ್ತಿ. ಕಣ್ಣು ಮಂಜು ಎಂದು ಸುಳ್ಳು ಹೇಳಿ ಅಕ್ಷರದ ಕೆಲಸವನ್ನೆಲ್ಲ ಒಂದೊಂದಾಗಿ ವಾಪಸು ಕಳಿಸಿದ್ದೆ. ಸ್ಪ್ರೇ ಗನ್ನಿನಲ್ಲಿ ಬಣ್ಣ ಹಾರಿಸುವುದಕ್ಕೆ ಅಡ್ಡಿಯಿರಲಿಲ್ಲ, ಅದನ್ನಷ್ಟೇ ಮಾಡುತ್ತಿದ್ದೆ. ಹೆಂಡತಿ ನಜೀಮಾಗೂ ಹೇಳಿರಲಿಲ್ಲ. ಎಲ್ಲರೂ ಉಂಡು ಎದ್ದ ಮೇಲೆ ಊಟಕ್ಕೆ ಕೂರುತ್ತಿದ್ದೆ.

ಅಷ್ಟೇ ಆಗಿದ್ದರೆ ಇನ್ನೂ ಕೆಲವು ದಿನ ಹೀಗೇ ದಬ್ಬಬಹುದಿತ್ತು. ಆದರೆ ಮಗ ಶೋಯೆಬ್ ಎಂಟು ವರ್ಷ ಬೇರೆಯವರ ಲಾರಿ ಓಡಿಸಿ, ಈ ಎರಡು ಸಾವಿರದ ಮೂರನೇ ಇಸವಿಯಲ್ಲಿ ಸ್ವಂತದ್ದು ತೆಗೆದುಕೊಂಡಿದ್ದ. ಹುಬ್ಬಳ್ಳಿಯಲ್ಲಿ ಬಾಡಿ ಕಟ್ಟುತ್ತಿದ್ದರು. ಬಣ್ಣವೆಲ್ಲ ಅಲ್ಲೇ, ಆದರೆ ಲಾರಿಯ ಹಣೆಯ ಮೇಲೆ ಅವನ ಮಗಳು ಮುನ್ನಿಯ ಹೆಸರನ್ನು ನಾನೇ ಬರೆಯಬೇಕು. ಅವನು ಕ್ಲೀನರ್ ಆಗಿದ್ದಾಗಲೇ ನಾನು ಕೊಟ್ಟ ಮಾತು: ನೀನು ಲಾರಿ ತಗೋ, ಹೆಸರು ನಾನು ಬರೀತೀನಿ. ಲಾರಿ ಬರುವ ಶುಕ್ರವಾರ ಬರುವುದಿತ್ತು. ನೆಂಟರು, ಅವನ ಡ್ರೈವರ್ ದೋಸ್ತರು ಎಲ್ಲ ನೋಡಲು ಸೇರುತ್ತಾರೆ.

ಟ್ಯಾಂಕು ನೋಡುತ್ತ ನಿಂತಾಗ ತಲೆಗೊಂದು ಹುಚ್ಚು ಹೊಕ್ಕಿತು. ಕಾಳಿನಷ್ಟು ಸಣ್ಣ ಈ ಮೂರು ಅಂಕಿ ಬರೆದೆನಾದರೆ, ಮೊಳದುದ್ದದ ಹೆಸರು ಯಾವ ಲೆಕ್ಕ. ಬುಧವಾರ ಬನ್ನಿ ಎಂದು ಮಾಸ್ತರರಿಗೆ ಹೇಳಿದೆ.

ಹಸಿರು ಸುಲಭವಾಗಿ ಕೂತಿತು. ಗನ್ನಿನ ಗಾಳಿ ಇಳಿಸಿ ತೆಳ್ಳಗೆ ಎರಡು ಸಲ ಹಾರಿಸಿದೆ. ಅದು ಒಣಗಿದ ಮೇಲೆ ನಂಬರು ಬರೆದು, ಆಮೇಲೆ ಸುಣ್ಣ ಹೊಡೆಯುವುದು ಸರಿಯಾದ ಕ್ರಮ. ನಾನು ಹಾಗೆ ಮಾಡಲಿಲ್ಲ. ಮೊದಲು ಸುಣ್ಣ ಆಗಲಿ, ನಂಬರು ಕೊನೆಗೆ ಬರೆದರಾಯಿತು ಎಂದು ಚೌಕ ಬಿಟ್ಟು ಬಳಿಯತೊಡಗಿದೆ. ಹೆದರಿಕೆ, ಇನ್ನೇನು.

ಮನೆಗೆ ಬಳಿಯುವ ಸುಣ್ಣವನ್ನೇ ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಅಂಟು ಸೇರಿಸಿ, ಕೂದಲುದುರಿದ ಹಳೇ ಕುಂಚದಿಂದ ಹಚ್ಚಿದೆ. ಹಸಿ ಸುಣ್ಣ ನೀರಿನಂತೆ, ಹಚ್ಚಿದ್ದೇ ಕಾಣುವುದಿಲ್ಲ. ಒಣಗಿದ ಮೇಲೇ ಅದರ ಬಿಳುಪು ಎಂದು ಊರಿನ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಆದರೆ ನಾನು ಆಯಿಲ್ ಪೇಂಟಿನವನು. ನನ್ನ ಕಣ್ಣಿಗೆ, ಕೈ ನಡುಗಿ ಬಣ್ಣ ಕೂರುತ್ತಿಲ್ಲ ಎಂದೇ ಕಂಡಿತು. ಸಿಟ್ಟಿನಲ್ಲಿ ಮತ್ತೊಂದು ಕೈ, ಮತ್ತೊಂದು ಕೈ. ಮಧ್ಯಾಹ್ನದ ನಮಾಜಿಗೆ ಹೋಗಿ ಬಂದು ನೋಡಿದರೆ ಆ ಚೌಕವೊಂದು ಬಿಟ್ಟು ಟ್ಯಾಂಕು ಮಸೀದಿ ಗೋಡೆಯ ಹಾಗೆ ಬೆಳ್ಳಗೆ ಕೂತಿದೆ. ಒಂದು ಮೊಳೆಯ ತಲೆಯೂ ಕಾಣುತ್ತಿಲ್ಲ. ಬೇರೆಯವರ ನಾಲ್ಕು ತಿಂಗಳ ಶ್ರಮ ಅದು.

ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಲು ಕೂತೆ. ಮೂಲೆಗಳಲ್ಲಿ, ಸಿಪಾಯಿ ಕಾಲಿಡುವ ಕಡೆ, ಮುಚ್ಚಳದ ಅಂಚಿನಲ್ಲಿ. ಉಜ್ಜಿದಲ್ಲಿ ಹಸಿರು ಹೊರಬಂತು, ಬಿಟ್ಟಲ್ಲಿ ಬಿಳಿ ಉಳಿಯಿತು. ನೋಡನೋಡುತ್ತ ಅದು ಪುಸ್ತಕದ ಫೋಟೋದ ಹತ್ತಿರ ಹತ್ತಿರ ಬಂತು. ಕೆಸರಿಗೆ ಮತ್ತೆ ಪಜೀತಿ. ನಮ್ಮೂರ ಮಣ್ಣು ಕೆಂಪು, ಅಲ್ಲಿಯದು ಕಪ್ಪಂತೆ. ನವಲಗುಂದದ ಕಡೆಯಿಂದ ಬಂದು ನಿಂತಿದ್ದ ಲಾರಿಯೊಂದರ ಮಡ್‌ಗಾರ್ಡಿನ ಒಳಗಿಂದ ಎರೆಮಣ್ಣು ಕೆರೆದು ತಂದು, ಕಲಸಿ ಚಕ್ರಗಳಿಗೆ ಮೆತ್ತಿದೆ. ಡ್ರೈವರ್ ನನ್ನನ್ನು ತಲೆ ಕೆಟ್ಟವನನ್ನು ನೋಡುವ ಹಾಗೆ ನೋಡಿದ.

ಉಳಿದಿದ್ದು ಚೌಕ.

ಬುಧವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದೆ. ಎರಡು ಬಂತು. ಮೂರರ ಹೊಟ್ಟೆ ಸುತ್ತುವಾಗ ಕುಂಚ ಎಗರಿ ಸುಣ್ಣದ ಮೇಲೆ ಹೋಯಿತು. ಟರ್ಪಂಟೈನಿನಲ್ಲಿ ಒರೆಸಿದೆ. ಎರಡನೇ ಸಲ ಎರಡೇ ಬರಲಿಲ್ಲ. ಬಿಸ್ಮಿಲ್ಲಾ ಹೇಳಿ ಉಸಿರು ಕಟ್ಟಿ ಮೂರನೇ ಸಲ ಶುರುಮಾಡಿದೆ. ಕೈ ನನ್ನದಲ್ಲವೆಂಬಂತೆ ಕುಣಿಯಿತು. ಹಾಳಾದ್ದು ಎಂದು ಕೈಗೇ ಬೈದೆ. ಕೊನೆಗೆ ಎಲ್ಲ ಒರೆಸಿ, ಸುಣ್ಣದ ಕುಂಚ ತೆಗೆದು ಚೌಕವನ್ನೂ ಮುಚ್ಚಿಬಿಟ್ಟೆ. ಬರೆಯಲಾಗದ್ದನ್ನು ಬಣ್ಣ ಬಳಿದು ಮುಚ್ಚಿದ್ದು ಜನ್ಮದಲ್ಲಿ ಅದೇ ಮೊದಲು.

ಸಂಜೆ ನಾಲ್ಕಕ್ಕೆ ಮಾಸ್ತರರು ಬಂದರು. ಕನ್ನಡಕ ಹಣೆಗೇರಿಸಿ, ಟ್ಯಾಂಕಿಗೆ ಮೂಗು ತಾಗುವಷ್ಟು ಬಗ್ಗಿ ಸುತ್ತ ನೋಡಿದರು. ನಾನು ಕೈಯನ್ನು ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದೆ.

"ನಂಬರ್ ಎಲ್ಲಿ ಸಾಬ್ರೆ?"

"ವೈರಿ ಬೆನ್ನಿಗೆ ಬಿದ್ದಾಗ ಪೊರಕೆ ತಗೊಂಡು ಬಳಿಯೋ ಸಿಪಾಯಿ ಚೌಕ ಬಿಡ್ತಾ ಕೂರ್ತಾನ ಮಾಸ್ತರ್ರೆ? ಅದರ ಮೇಲೂ ಬಳ್ದು ಓಡಿರ್ತಾನೆ."

ಅವರು ಕನ್ನಡಕ ಇಳಿಸಿಕೊಂಡು ಟ್ಯಾಂಕಿನ ತಲೆಯನ್ನು ಇನ್ನೊಮ್ಮೆ ನೋಡಿದರು.

"ಹೌದಲ್ಲ" ಎಂದರು ಆಮೇಲೆ. "ಹಂಗೆ ಬಳಿದದ್ದರ ಫೋಟೋನೂ ಇದೆ ಪುಸ್ತಕದಲ್ಲಿ. ನಂಗೇ ಹೊಳೀಲಿಲ್ಲ. ಮತ್ತೆ ಈ ಸುಣ್ಣ ನೋಡಿ, ಎಷ್ಟು ಖರೆ ಕಾಣ್ತದೆ. ಥೇಟ್ ಚಳೀಲಿ ನಡುಗೋ ಕೈ ಬಳಿದ ಹಾಗೇ. ಎಂತ ಮಾಡಿ ತಂದ್ರಿ ಇದನ್ನು?"

ಅದೇ ಹೊತ್ತಿಗೆ ನಜೀಮಾ ಚಾ ತಂದು ಬಾಗಿಲಲ್ಲಿ ನಿಂತಿದ್ದಳು. ಮಾಸ್ತರರು ಕುಡಿದು, ಟ್ಯಾಂಕನ್ನು ಮಗುವನ್ನೆತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು. ಅವಳು ಹೋಗಲಿಲ್ಲ.

"ನಂಬರ್ ಯಾಕೆ ಬರೀಲಿಲ್ಲ?"

"ಹೇಳಿದ್ನಲ್ಲ, ಕೇಳ್ಸಿಲ್ವಾ?"

"ಅದು ಮಾಸ್ತರಿಗೆ ಹೇಳಿದ್ದು. ಮುನ್ನಿಯ ಪ್ಲಾಸ್ಟಿಕ್ ಸೈಕಲ್ಲಿಗೂ ಕೆಎ ಮೂವತ್ತೊಂದು ಅಂತ ಬರ್ದು ಕೊಟ್ಟೋರು ನೀವು. ನಂಬರಿಲ್ದ ಗಾಡಿ ಈ ಶೆಡ್ಡಿಂದ ಹೊರಗೆ ಹೋಗಿದ್ದು ನಾನಂತೂ ನೋಡಿಲ್ಲ."

"ಚಾ ಕೊಡೋಕೆ ಬಂದೋಳು ಕೊಟ್ಟು ಹೋಗು. ನಂಗೆ ಕಸುಬು ಕಲಿಸ್ಬೇಡ" ಎಂದು ರೇಗಿದೆ.

ಅವಳು ಕಪ್ಪು ಬಸಿಯನ್ನು ನನ್ನ ಬಲಗೈಗೇ ಕೊಟ್ಟಳು. ಬೇಡ ಎನ್ನಲೂ ಆಗಲಿಲ್ಲ. ಬಸಿಯ ಮೇಲೆ ಕಪ್ಪು ಕಟಕಟ ಬಡಿಯಿತು. ಇಬ್ಬರೂ ಆ ಸದ್ದು ಕೇಳುತ್ತ ನಿಂತೆವು. ಚಾ ಚೆಲ್ಲುವ ಮೊದಲೇ ಅವಳು ವಾಪಸು ತೆಗೆದುಕೊಂಡಳು.

"ಶೋಯೆಬ್ ಐದೂವರೆ ಬಸ್ಸಿಗೆ ಹುಬ್ಬಳ್ಳಿಂದ ಬರ್ತಾನೆ" ಎಂದಳು. "ನೀವು ಹೇಳ್ತೀರಾ, ನಾನು ಹೇಳ್ಲಾ?"

ನಾನೇ ಹೇಳುತ್ತೇನೆ ಎಂದೆ. ಅವನು ಬರುವವರೆಗೆ ಶೆಡ್ಡಿನಲ್ಲಿ ಅತ್ತಿಂದಿತ್ತ ತಿರುಗಿದೆ. ಇಪ್ಪತ್ತೆಂಟು ವರ್ಷದ ಮಗನಿಗೆ ಅಪ್ಪ ಹೆದರುತ್ತಾನೆಯೇ, ನಾನು ಹೆದರಿದ್ದೆ. ಬಂದವನೇ ಹೆಗಲ ಚೀಲ ಇಳಿಸಿ, ಲಾರಿ ಶುಕ್ರವಾರ ಬೆಳಿಗ್ಗೆಯೇ ಬರುತ್ತದೆ ಎಂದ.

"ಶೋಯೆಬ್, ಮುನ್ನಿ ಹೆಸರು ನನ್ನಿಂದ ಬರಿಯೋಕಾಗಲ್ಲ" ಎಂದೆ.

ಯಾಕೆ ಎಂದು ಅವನು ಕೇಳಲಿಲ್ಲ. ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತ ನಿಂತ. ಅಲ್ಲಿಗೆ ನನಗೆ ತಿಳಿಯಿತು.

"ನಿಂಗೆ ಯಾವಾಗಿಂದ ಗೊತ್ತು?"

"ಬಕ್ರೀದ್ ದಿನದಿಂದ. ನೀವು ಕುರಿ ಕೊಯ್ಯೋ ಚಾಕುನ ಕಾಕಾ ಕೈಗೆ ಕೊಟ್ರಲ್ಲ. ಯಾವತ್ತೂ ಯಾರಿಗೂ ಕೊಟ್ಟೋರಲ್ಲ ನೀವು."

ಬಕ್ರೀದ್ ಮುಗಿದು ತಿಂಗಳ ಮೇಲಾಗಿತ್ತು. ಅಷ್ಟೂ ದಿನ ನಾನು ಮನೆಯವರನ್ನು ಏಮಾರಿಸುತ್ತಿದ್ದೇನೆ ಅಂದುಕೊಂಡಿದ್ದೆ, ಅವನು ಏನೂ ಕಾಣದವನಂತೆ ನನ್ನನ್ನು ಕಾಪಾಡುತ್ತಿದ್ದ. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

"ಮತ್ತೆ ಶುಕ್ರವಾರ ಅಷ್ಟು ಜನರ ಎದುರು ನನ್ನ ಮರ್ಯಾದೆ ತೆಗಿಬೇಕು ಅಂತಿದ್ಯಾ?"

"ಇಲ್ಲ ಅಬ್ಬಾ." ಅವನು ಚೀಲದಿಂದ ಒಂದು ಕಾಗದದ ಸುರುಳಿ ತೆಗೆದ. "ನೀವೇ ಹೇಳಿದ್ರೆ ಕೊಡೋಣ ಅಂತ. ಹೇಳ್ದಿದ್ರೆ, ಲಾರಿನ ಇನ್ನೆರಡು ವಾರ ಅಲ್ಲೇ ನಿಲ್ಸಿ ಏನಾದ್ರೂ ನೆಪ ಹೇಳ್ತಿದ್ದೆ."

ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನಿಂದ ಅಕ್ಷರ ಕತ್ತರಿಸಿ ಸ್ಟಿಕ್ಕರ್ ಮಾಡಿಕೊಡುವ ಅಂಗಡಿಗಳು ಶುರುವಾಗಿ ಎರಡು ವರ್ಷವಾಗಿತ್ತು. ಆ ಅಂಗಡಿಯವರನ್ನು ಬೈಯದ ದಿನವಿರಲಿಲ್ಲ ನಾನು. ಸುರುಳಿಯನ್ನು ಅವನು ಮೇಜಿನ ಮೇಲೆ ಬಿಚ್ಚಿ, ಎರಡೂ ತುದಿ ಹಿಡಿದುಕೊಂಡ. ಮುನ್ನಿ. ಕೆಂಪು ಅಕ್ಷರ, ಸುತ್ತ ಹಳದಿ ಅಂಚು. ತಪ್ಪು ಹುಡುಕಲೆಂದೇ ಬಗ್ಗಿದೆ. ತಿರುವುಗಳನ್ನು ನೋಡಿದೆ, ಅಂಚು ನೋಡಿದೆ, ಒತ್ತಕ್ಷರ ನೋಡಿದೆ. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ನನ್ನದಕ್ಕಿಂತ ಚೆನ್ನಾಗಿದೆ ಎಂದು ಅವನಿಗೆ ಹೇಳಿದೆ. ಹೇಳಿ ಮುಗಿಸುವುದರೊಳಗೆ ಅಳು ಬಂತು, ಮಗನ ಎದುರಿಗೇ ಅತ್ತೆ.